ಮೂರು ದಿನ, ಮೈನಸ್ ಇಪ್ಪತ್ತು

ಚೈತ್ರದ ಪುಣೆ. ಸಸ್ಯಾಲಯದ ಎರಡನೇ ಮಹಡಿ.
ಫ್ಯಾನು ಹಾಕುವಂತಿಲ್ಲ, ಹಾರಿಹೋಗುತ್ತವೆ
ನೂರು ವರ್ಷದ ಎಲೆಗಳು.
ಕಿಟಕಿ ತೆರೆಯುವಂತಿಲ್ಲ, ಹುಳ.
ನುಸಿಗುಳಿಗೆಯ ವಾಸನೆಯಲ್ಲಿ ಬೆವರುತ್ತ
ಇಪ್ಪತ್ತಾರು ವರ್ಷದಿಂದ ನಾನು
ಸತ್ತ ಗಿಡಗಳನ್ನು ಹಾಳೆಗೆ ಹೊಲಿಯುತ್ತೇನೆ.

ಈ ಸಲ ಉತ್ತರದ ಯಾವುದೋ ದೇಶದಿಂದ
ವಿನಿಮಯಕ್ಕೆ ಬಂದ ಕಟ್ಟು.
ಅವರ ಹಳೇ ಪೇಪರು, ಓದಲಾಗದ ಭಾಷೆ,
ಹಿಮದಲ್ಲಿ ಜಾರುತ್ತ ನಗುವ ಒಬ್ಬ ಹುಡುಗ.
ಅವನ ನಗೆಗೆ ಅಡ್ಡ ಮಲಗಿದ್ದಾಳೆ ಇವಳು.
ಎತ್ತರ ನಾಲ್ಕೇ ಬೆರಳು.
ಬೇರು ಮಾತ್ರ ಗೇಣುದ್ದ,
ಚಪ್ಪಲಿ ಬಾರಿನಷ್ಟು ಗಟ್ಟಿ.
ಎಲೆಯ ಮೇಲೆ ಬೂದಿಬಣ್ಣದ ತುಪ್ಪಳ.
ಹೂ ಎನ್ನಲು ನಾಲಿಗೆ ತಡೆಯುತ್ತದೆ,
ಸೆರಗಿನಿಂದ ಕಿತ್ತುಬಿದ್ದ ಗೊಂಡೆ ಅನ್ನಬಹುದು.

ಲೇಲೆ ಮೇಡಂ ಕನ್ನಡಕ ಹಣೆಗೇರಿಸಿ
"ಆರ್ಟಿಮೀಸಿಯಾ" ಅಂದರು.
"ಮರವೇ ಇಲ್ಲದ ಸೀಮೆ. ಏಳು ವಾರದ ಬೇಸಿಗೆ.
ಚಿಟ್ಟೆಯನ್ನು ನಂಬಿದ್ದಲ್ಲ ಇದು, ಗಾಳಿಯನ್ನು."
ನಾನು ಬಗ್ಗಿ ಮೂಸಿದೆ.
ಮೂಸಬಾರದು, ವಿಷ ಹಚ್ಚಿರುತ್ತಾರೆ.
ಆದರೂ.

ದವನ!
ಅಲ್ಲ, ದವನವಲ್ಲ. ದವನದಿಂದ
ಹಬ್ಬವನ್ನು ತೆಗೆದರೆ ಉಳಿಯುವುದು.

ಅವ್ವ ಮಂಡೈಯ ಹೊರಗೋಡೆಗೆ ಬೆನ್ನು ಕೊಟ್ಟು
ಹಸಿ ಗೋಣಿಚೀಲದ ಮೇಲೆ ದವನ ಮಾರುತ್ತಿದ್ದಳು,
ಮರಾಠಿಯಲ್ಲಿ ಚೌಕಾಸಿ,
ಇಂಡಿ ಕಡೆಯ ಕನ್ನಡದಲ್ಲಿ ಬೈಗುಳ.
"ನೀರ ಹೊಡಿಯ, ಕಾಶಿ, ನೀರ ಹೊಡಿ, ಬಾಡ್ತದ!"
ಮಧ್ಯಾಹ್ನಕ್ಕೆ ಅರ್ಧ ಬೆಲೆ, ಸಂಜೆಗೆ ಪುಕ್ಕಟೆ,
ಹುಣ್ಣಿಮೆ ದಾಟಿದರೆ
ಎಮ್ಮೆಯೂ ಮೂಸುತ್ತಿರಲಿಲ್ಲ.

ಇವಳು ಅದೇ ಮನೆತನದ ಹಿರೀಮಗಳು,
ಹಿಮದ ಸೀಮೆಗೆ ಕೊಟ್ಟವಳು.
ತವರಿಗೆ ಬಂದಿದ್ದಾಳೆ
ಸತ್ತ ಮೇಲೆ, ಅಂಚೆಯಲ್ಲಿ.

ಬಂದವರನ್ನು ಮೊದಲು ಶೀತಪೆಟ್ಟಿಗೆಗೆ ಹಾಕುವುದು
ಇಲ್ಲಿಯ ಪದ್ಧತಿ. ಮೂರು ದಿನ, ಮೈನಸ್ ಇಪ್ಪತ್ತು,
ಜೊತೆಗೆ ಬಂದ ಹುಳ ಸಾಯಲಿ ಎಂದು.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡುವಾಗ ನಗು ಬಂತು:
ಮೀನಿಗೆ ಹೊಳೆಯ ಶಿಕ್ಷೆ!
ಹೊರಗೆ ನಲವತ್ತೊಂದು ಡಿಗ್ರಿ,
ಡಾಂಬರಿನಲ್ಲಿ ಹೂತ ಒಂದು ಒಂಟಿ ಚಪ್ಪಲಿ.

ಎರಡನೇ ದಿನ ಕರೆಂಟು ಹೋಯಿತು.
ಜನರೇಟರಿಗೆ ಡೀಸೆಲಿಲ್ಲ.
ಡೀಸೆಲಿಗೆ ಸಹಿ ಹಾಕುವವರು ರಜೆ.
ನಾನು ಪೆಟ್ಟಿಗೆಯ ಮುಚ್ಚಳಕ್ಕೆ
ಎರಡೂ ಅಂಗೈ ಒತ್ತಿ ನಿಂತೆ,
ತಣ್ಣಗಿದ್ದದ್ದು ಹೊರಗೆ ಹೋಗದ ಹಾಗೆ.
ಸತ್ತದ್ದು ಬಾಡುತ್ತದೆಯೇ, ಕಾಶವ್ವ?
ಯಾರೂ ಕೇಳಲಿಲ್ಲ, ಪುಣ್ಯ.

ನಾಲ್ಕನೇ ದಿನ ತೆಗೆದು ಹಾಳೆಗೆ ಮಲಗಿಸಿದೆ.
ಬೇರಿಗೆ ಮೂರು ಹೊಲಿಗೆ, ಗಂಟು ಹಿಂಬದಿಗೆ.
ಉದುರಿದ ಗೊಂಡೆಗಳಿಗೆ ಒಂದು ಪುಟ್ಟ ಲಕೋಟೆ.
ಬಲಮೂಲೆಗೆ ಚೀಟಿಗಳು:
ಕಿತ್ತು ತಂದವನು ಬರೆದ ಹೆಸರೊಂದು,
ತಪ್ಪು ಎಂದು ಇನ್ನೊಬ್ಬರು ಬರೆದದ್ದೊಂದು,
ಈಗ ಮೇಡಮ್ಮರ ಪೆನ್ಸಿಲಿನ ಪ್ರಶ್ನೆಚಿಹ್ನೆ.
ಹಳೇ ಹೆಸರು ಕಿತ್ತೆಸೆಯುವಂತಿಲ್ಲ,
ಹೊಸದನ್ನು ಪಕ್ಕದಲ್ಲಿ ಅಂಟಿಸಬೇಕು.
ಈ ಕಾನೂನು ನನಗೆ ಇಷ್ಟ.
ಕಾಶವ್ವ ತಡವಲಗಿಯನ್ನು ಲಗ್ನದ ದಿನ
ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು
ವೈಜಯಂತಿ ಮಾಡಿದರು.
ಆ ಅಕ್ಕಿ ಮಾರನೆಯ ದಿನ ಅನ್ನವಾಯಿತು,
ನಾನೂ ಉಂಡೆ.

ಸಂಜೆ ಬಸ್ಸು. ದವನದ ಹುಣ್ಣಿಮೆ,
ಹೆಂಗಸರ ಮುಡಿಯಲ್ಲೆಲ್ಲ ಬಾಡಿದ ಹಸಿರು.
ಕಂಬಿ ಹಿಡಿದ ನನ್ನ ಕೈಯ ಹತ್ತಿರ
ಮೂಗು ತಂದು ಒಬ್ಬ ಮುದುಕಿ ಕೇಳಿದಳು,
"ದವಣಾ? ಕುಠಲಾ ಗ?"
ಎಲ್ಲಿಯದೆಂದು ಹೇಳಲಿ?
"ಲಾಂಬಚಾ," ಅಂದೆ. ದೂರದ್ದು.
ಅವಳು ಇನ್ನೊಮ್ಮೆ ಮೂಸಿ
ಮುಖ ಕಿವುಚಿದಳು.
"ಕಹಿ ಇದೆ," ಅಂದಳು,
ಸ್ವಾರಗೇಟ್ ಬರುವವರೆಗೆ
ಕೈ ಮಾತ್ರ ಬಿಡಲಿಲ್ಲ.